ಗೂಡಿನೊಳಗಿನ ಪೀಪಿ ಬೊಂಬೆ

ಲೈಟ್ ಆರಿಸಬೇಡಿ, ಹಾಗೇ ಇರಲಿ. ಮೆಲ್ಲಗೆ ಹೇಳ್ತೀನಿ, ಮೆಲ್ಲಗೇ ಕೇಳಿ. ಇದು ಎಲ್ಲೋ ಯಾರಿಗೋ ಆದದ್ದಲ್ಲ. ಬಸವೇಶ್ವರನಗರದ ನಮ್ಮ ಬೀದಿಯಲ್ಲಿ, ಎದುರು ಸಾಲಿನ ಮನೆಯಲ್ಲಿ ಆದದ್ದು.

ತೀರಿಹೋದ ಚನ್ನವೀರಪ್ಪನವರ ಶಿವಗಣಾರಾಧನೆಗೆ ಹಾಕಿದ್ದ ಶಾಮಿಯಾನ ಬಿಚ್ಚಿಕೊಂಡು ಹೋಗಿದ್ದರು. ಗೂಟ ಕಿತ್ತ ಗುಂಡಿಗಳು ಮಾತ್ರ ರಸ್ತೆಯಲ್ಲಿ ಇನ್ನೂ ಬಾಯಿ ತೆರೆದುಕೊಂಡೇ ಇದ್ದವು. ಅಷ್ಟರಲ್ಲೇ ಅವರ ಎರಡನೇ ಹೆಂಡತಿ ಕಲಾವತಿ ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಹೊರಟಳು. ಲಕ್ವ ಹೊಡೆದವರು, ಮೂಳೆ ಮುರಿದವರು, ಅಂಥವರ ಮನೆಗೆ ಹೋಗಿ ಕೈಕಾಲು ಆಡಿಸಿ ಬರುವ ಕೆಲಸ. ಫಿಸಿಯೋಥೆರಪಿ ಅಂತಾರಲ್ಲ, ಅದು. "ಗಂಡನ ಮೈಗೆ ಬಳಿದ ವಿಭೂತಿ ಇನ್ನೂ ಕೈಯಲ್ಲೇ ಇರುತ್ತೆ, ಆಗಲೇ ಇನ್ನೊಬ್ಬರ ಕಾಲು ಒತ್ತೋಕೆ ಹೊರಟಳು" ಅಂತ ಬೀದಿ ಹೆಂಗಸರು ಆಡಿಕೊಂಡರು. ಅವಳಿಗೂ ಅದು ಕೇಳಿಸಿತು. ಕೇಳಿಸಲಿ ಅಂತಲೇ ಆಡಿದ್ದು.

ಅವಳ ಮನಸ್ಸಿನಲ್ಲಿ ಇದ್ದದ್ದು ಒಂದೇ. ಈ ಮನೆ ಬಿಡಬೇಕು. ಕೆಂಗೇರಿಯಲ್ಲಿ ಗೆಳತಿ ಸತ್ಯವತಿಯ ಮನೆ ಹತ್ತಿರ ಒಂದು ರೂಮು ನೋಡಿಟ್ಟಿದ್ದಳು. ತಿಂಗಳು ಮುಗಿದರೆ ಹೊರಟೆ ಅಂತ.

ಅವತ್ತು ಕುರುಬರಹಳ್ಳಿಯಿಂದ ಬರುವಾಗ ಹೊತ್ತಾಗಿತ್ತು. ಆಟೋದವನು "ಆ ಕಡೆಯಿಂದ ವಾಪಸ್ ಬಾಡಿಗೆ ಸಿಗಲ್ಲ ಮೇಡಂ" ಅಂತ ಅರ್ಧದಾರಿಗೇ ಇಳಿಸಿದ. ನಡೆದಳು. ಪಾರ್ಕಿನ ಮೂಲೆಯಲ್ಲಿ ಆಲದಮರ ಇದೆಯಲ್ಲ, ಟ್ರಾನ್ಸ್‌ಫಾರ್ಮರ್ ಪಕ್ಕದ್ದು, ಬಿಳಲು ತಂತಿಗೆ ತಾಗುತ್ತೆ ಅಂತ ವರ್ಷಾ ವರ್ಷಾ ಕಡೀತಾರೆ... ಅದರ ಕೆಳಗೆ ಬಂದಳು. ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುತ್ತಿತ್ತು. ಚಪ್ಪಲಿ ಚಟ್ ಚಟ್ ಅನ್ನುತ್ತಿತ್ತು.

ಕೂ... ಊ...

ನಿಂತಳು. ಖಾಲಿ ಬಾಟಲಿಯ ಬಾಯಿಗೆ ತುಟಿಯಿಟ್ಟು ಊದಿದ ಹಾಗೆ, ಮೆತ್ತಗಿನ ಸದ್ದು. ಅದರ ಬೆನ್ನಿಗೇ ಗಿಲಕ್... ಗಿಲಕ್... ಟೊಳ್ಳು ಮಣ್ಣಿನ ಹೊಟ್ಟೆಯಲ್ಲಿ ಮಣ್ಣಿನ ಗೋಲಿ ಉರುಳಿದ ಸದ್ದು.

ಮರದ ಮೇಲಿಂದಲ್ಲ. ಹಿಂದಿನಿಂದಲೂ ಅಲ್ಲ. ಕಾಲ ಕೆಳಗಿನಿಂದ.

ಬೇರೆ ಯಾರೇ ಆಗಿದ್ದರೂ ಗೂಬೆ ಅಂದುಕೊಂಡು ಬೇಗ ಬೇಗ ಹೆಜ್ಜೆ ಹಾಕುತ್ತಿದ್ದರು. ಕಲಾವತಿಗೆ ಆ ಸದ್ದು ಗೊತ್ತು. ಅದು ಇರುವ ಜಾಗವೂ ಗೊತ್ತು. ಬ್ಯಾಡರಹಳ್ಳಿಯ ಅವರ ಜಮೀನಿನಲ್ಲಿ, ಆಳುದ್ದ ಗುಂಡಿಯ ಒಳಗೆ, ಅವಳ ಗಂಡನ ಮಡಿಲಲ್ಲಿ. ಅಲ್ಲಿಗೆ ಅದನ್ನು ಸೇರಿಸಿದವಳು ಅವಳೇ. ಯಾರಿಗೂ ಹೇಳದೆ.

ಸ್ವಲ್ಪ ಹಿಂದಕ್ಕೆ ಹೋಗಬೇಕು ಈಗ, ಇಲ್ಲದಿದ್ದರೆ ನಿಮಗೆ ತಲೆಬುಡ ತಿಳಿಯಲ್ಲ.

ಚನ್ನವೀರಪ್ಪನವರು ಕರೆಂಟ್ ಆಫೀಸಿನಲ್ಲಿ ದೊಡ್ಡ ಕುರ್ಚಿಯಲ್ಲಿ ಕೂತು ರಿಟೈರಾದವರು. ಮೊದಲನೇ ಹೆಂಡತಿ ತೀರಿಹೋಗಿದ್ದರು. ಮಗ ಉದಯಕುಮಾರ್, ಸೊಸೆ ನಿಖಿತಾ, ಎಲ್ಲ ಒಂದೇ ಮನೆ. ಮುದುಕರಿಗೆ ಎರಡೂ ಮಂಡಿ ಹೋಗಿತ್ತು. ಎದ್ದರೆ ಲಟಕ್, ಕೂತರೆ ಲಟಕ್. ಮಂಡಿ ನೋಡೋಕೆ ಅಂತ ಮಗನೇ ಕಲಾವತಿಯನ್ನು ಗೊತ್ತು ಮಾಡಿದ. ಬಾಗಿಲು ಹಾಕಿಕೊಂಡು ಎಣ್ಣೆ ತಿಕ್ಕಿದಳು, ಕಾಲು ಮಡಿಸಿದಳು, ಬಿಡಿಸಿದಳು. ಮಂಡಿ ವಾಸಿಯಾಯಿತೋ ಇಲ್ಲವೋ, ನಾನು ಕಾಣೆ. ಮುಂದಿನ ದೀಪಾವಳಿಗೆ ಇಬ್ಬರೂ ರಿಜಿಸ್ಟರ್ ಆಫೀಸಿಂದ ಹಾರ ಹಾಕಿಕೊಂಡು ಬಂದರು. ಹುಡುಗಿಗೆ ಗಂಡಿನ ಮಗನ ವಯಸ್ಸು. ಜಾತಿಯೂ ನಮ್ಮದಲ್ಲ. ಬೀದಿಗೆ ಹಬ್ಬವೋ ಹಬ್ಬ. ನಿಖಿತಾಗೆ ಅವಳನ್ನು ಅತ್ತೆ ಅನ್ನೋಕೆ ನಾಲಿಗೆ ಏಳಲಿಲ್ಲ, ಕೊನೆಯವರೆಗೂ ಆಂಟಿ. ಉದಯಕುಮಾರ್ ಏನೂ ಅನ್ನಲಿಲ್ಲ. ಕರೆಯಬೇಕಾದರೆ ಕೆಮ್ಮುತ್ತಿದ್ದ.

ಬೊಂಬೆ ಬಂದದ್ದು ಮೇಲ್ಮನೆ ಬಾಡಿಗೆಯವಳಿಂದ. ಮೆಕ್ಸಿಕೋ ದೇಶದ ಹುಡುಗಿ, ಹೆಸರು ನನ್ನ ಬಾಯಿಗೆ ಹೊರಳಲ್ಲ. ಜ್ಞಾನಭಾರತಿ ಕಡೆ ಏನೋ ಓದೋಕೆ ಬಂದಿದ್ದಳು. ಕೊರೊನಾ ಬಂದಾಗ ಅವರ ದೇಶದವರು ವಿಮಾನ ಕಳಿಸಿದರು ಅಂತ ಉಟ್ಟ ಬಟ್ಟೆಯಲ್ಲಿ ಹೊರಟಳು. ಹೋಗುವಾಗ ಒಂದು ಬಿಸ್ಕತ್ತಿನ ಡಬ್ಬ ಮುದುಕರ ಕೈಗಿಟ್ಟು, ಬಂದು ತಗೋತೀನಿ ಅಂದಳು. ಬರಲಿಲ್ಲ.

ಡಬ್ಬದೊಳಗೆ ಹತ್ತಿ. ಹತ್ತಿಯೊಳಗೆ ಆ ಬೊಂಬೆ. ಅಂಗೈ ಉದ್ದ, ಸುಟ್ಟ ಮಣ್ಣು, ಸಂದಿಗೊಂದಿಯಲ್ಲಿ ಹಳೇ ನೀಲಿ ಬಣ್ಣ. ಒಬ್ಬ ಮುದುಕ, ಹಲ್ಲು ಉದುರಿ ತುಟಿ ಒಳಗೆ ಹೋಗಿದೆ. ಅವನಿಗೆ ಅಂಟಿಕೊಂಡು ಒಂದು ಎಳೇ ಹೆಣ್ಣು, ಅವನ ಗದ್ದ ಹಿಡಿದುಕೊಂಡು ನಗ್ತಾ ಇದಾಳೆ. ಮುದುಕನ ಕೈ... ಇರಬಾರದ ಕಡೆ ಇದೆ, ಅಷ್ಟೇ ಹೇಳ್ತೀನಿ. ಬೆನ್ನ ಹಿಂದೆ ಊದೋ ತೂತು, ನಮ್ಮ ಮಕ್ಕಳ ಪೀಪಿ ಥರ. ಅಲ್ಲಾಡಿಸಿದರೆ ಹೊಟ್ಟೆಯೊಳಗೆ ಗಿಲಕ್ ಅನ್ನೋ ಮಣ್ಣಿನ ಗೋಲಿ. ಬೀದಿಗೆ ಸುದ್ದಿ ಹಬ್ಬಿದಾಗ "ಮುದುಕಪ್ಪ ಪರದೇಶದಿಂದ ತನ್ನ ಫೋಟೋ ತರಿಸಿದಾನೆ" ಅಂತ ನಕ್ಕಿದ್ದೇ ನಕ್ಕಿದ್ದು.

ಆ ಹುಡುಗಿ ಹೇಳಿದ್ದಳಂತೆ. ಅವರ ದೇಶದಲ್ಲಿ ಮಾಯಾ ಅನ್ನೋ ಜನ ಇದ್ದರು, ಸಾವಿರಾರು ವರ್ಷದ ಕೆಳಗೆ. ಯಾರಾದರೂ ಸತ್ತರೆ ಇಂಥ ಬೊಂಬೆಯನ್ನು ಹೆಣದ ಕೈಯಲ್ಲೋ ಎದೆ ಮೇಲೋ ಇಟ್ಟು, ಮಲಗಿಸಿ ಹೂಳುತ್ತಿದ್ದರು. ಇದು ಅಂಥದ್ದೇ, ಸಮುದ್ರದ ನಡುವಿನ ಒಂದು ದ್ವೀಪದಲ್ಲಿ, ಬಿಳೀ ಮರಳಿನ ಗೋರಿಯಿಂದ ಅವಳ ಅಜ್ಜ ಅಗೆದು ತೆಗೆದದ್ದು. ಮನೆಯೊಳಗೆ ಮಾತ್ರ ಊದಬೇಡಿ ಅಂದಿದ್ದಳು.

ಮುದುಕರು ಕೇಳಬೇಕಲ್ಲ. ಕೂತಲ್ಲಿಂದ ಏಳೋಕೆ ಆಗದಿದ್ದಾಗ ಅದನ್ನೇ ಊದುತ್ತಿದ್ದರು. ಕೂ... ಊ... ಕಲಾವತಿ ಕಾಫಿ ಲೋಟ ಹಿಡಿದು ಬರುತ್ತಿದ್ದಳು. ಹೆಂಡತೀನ ಪೀಪಿ ಊದಿ ಕರೀತಾನಲ್ಲ ಅಂತ ನಮಗೆ ಅದೂ ಒಂದು ತಮಾಷೆ.

ಕೊನೆಯ ದಿನಗಳಲ್ಲಿ ಎದೆ ನೋವು. ಒಂದು ಸಂಜೆ ಅವಳ ಕೈ ಹಿಡಿದು ಅಂದರಂತೆ.

"ಕಲಾ... ಅದು ಹೆಣದ ಜೊತೆ ಇದ್ದದ್ದು. ನನ್ನ ಜೊತೆ ಕಳಿಸು."

"ಏನು ಮಾತು ಅಂತ ಆಡ್ತೀರ."

"ಒಬ್ಬನೇ ಇರೋಕೆ ಆಗಲ್ಲ ಕಣೇ ನಂಗೆ."

ಕಾಯಿಲೆಯವರಿಗೆ ಸಮಾಧಾನ ಹೇಳುವ ಹಾಗೆ ಅವಳು ಅಂದಳು, "ಆಯ್ತು ಬಿಡಿ. ನೀವೆಲ್ಲೋ ನಾನೂ ಅಲ್ಲೇ."

ಹೋಗಿಬಿಟ್ಟರು.

ನಮ್ಮ ಜನದಲ್ಲಿ ಸುಡೋದಿಲ್ಲ, ಗೊತ್ತಲ್ಲ. ಮಲಗಿಸೋದೂ ಇಲ್ಲ. ಪ್ರಾಣ ಹೋದ ಕೂಡಲೇ ಕಾಲು ಮಡಿಸಿ, ಚಕ್ಕಳಮಕ್ಕಳ ಹಾಕಿಸಿ, ಗೋಡೆಗೆ ಒರಗಿಸಿ ಕೂರಿಸ್ತೀವಿ. ಎಡಗೈಯಲ್ಲಿ ಲಿಂಗ. ಆಮೇಲೆ ಗುಂಡಿಯಲ್ಲೂ ಹಾಗೇ. ಗುಂಡಿಯ ಒಂದು ಪಕ್ಕಕ್ಕೆ ಗೂಡು ಕೊರೆದು, ಅದರೊಳಗೆ ಕೂರಿಸಿ, ವಿಭೂತಿ, ಪತ್ರೆ ತುಂಬಿ, ಮಣ್ಣು ಎಳೀತೀವಿ. ಆದರೆ ಚನ್ನವೀರಪ್ಪನವರ ಮಂಡಿ ಮಡಿಯಲೊಲ್ಲದು. ಇಬ್ಬರು ಗಂಡಸರು ಒತ್ತಿದರು. ಮಡಿಸಿದರೆ ವಾಪಸ್ ಚಿಮ್ಮುತ್ತೆ.

ಉದಯಕುಮಾರ್ ಕೆಮ್ಮಿದ. "ನಿಮಗೆ ಗೊತ್ತಿರುತ್ತಲ್ಲ ಅವರ ಮಂಡಿ" ಅಂದ.

ಎಲ್ಲರ ಎದುರೂ ಅವಳು ಗಂಡನಿಗೆ ಎದುರಾಗಿ ಕೂತಳು, ತಾನೂ ಚಕ್ಕಳಮಕ್ಕಳ ಹಾಕಿಕೊಂಡು. ಹೆಬ್ಬೆರಳಿನಿಂದ ಎಲ್ಲೆಲ್ಲೋ ಒತ್ತಿದಳು. ಲಟಕ್. ಇನ್ನೊಂದು, ಲಟಕ್. ಮಡಿಯಿತು. ಆದರೆ ಬಿಟ್ಟರೆ ಬಿಚ್ಚಿಕೊಳ್ಳುತ್ತೆ. ಹಾಗಾಗಿ ತನ್ನ ಮಂಡಿಯನ್ನು ಅವರ ಮಂಡಿಗೆ ಒತ್ತಿಟ್ಟು ಕೂತೇ ಇದ್ದಳು. ಭಜನೆ ಮುಗಿಯುವವರೆಗೆ. ಮೈ ಸೆಟೆಯುವವರೆಗೆ. ಹಾಗೆ ಕೂತಿದ್ದಾಗಲೇ ಸೆರಗಿನಿಂದ ಬೊಂಬೆ ತೆಗೆದು, ಪಂಚೆ ಮಡಿಕೆಯೊಳಗೆ, ಮಡಿಲಿಗೆ ಸೇರಿಸಿಬಿಟ್ಟಳು.

ಅವಳ ಜನದಲ್ಲಿ ಸುಟ್ಟರೆ ಮುಗೀತು. ಗಾಳಿಗೆ, ನೀರಿಗೆ, ಎಲ್ಲ ಹೋಯಿತು. ನಮ್ಮಲ್ಲಿ ಹಾಗಲ್ಲ. ಹೇಗೆ ಕೂರಿಸಿದೆವೋ ಹಾಗೇ ಕೂತಿರುತ್ತೆ. ಅದು ಅವಳಿಗೆ ಹೊಳೆಯಲೇ ಇಲ್ಲ.

ಆಲದಮರದ ಕೆಳಗೆ ಸದ್ದು ಕೇಳಿದ ರಾತ್ರಿ ಮನೆಗೆ ಬಂದಾಗ ನಿಖಿತಾ ಬಾಗಿಲು ತೆಗೆದಳು. ಅವಳ ಮುಖ ಸರಿಯಿರಲಿಲ್ಲ.

"ಆಂಟಿ, ನೀವು ಈಗ ಹೊರಗಿಂದ ಬಂದ್ರಾ?"

"ಹೂಂ. ಯಾಕೆ?"

"ನಿಮ್ಮ ರೂಮಿಂದ... ಮಾವ ಊದ್ತಿದ್ದ ಹಾಗೆ ಕೇಳಿಸ್ತು."

ಕಲಾವತಿ ಚೀಲ ಅಲ್ಲೇ ಇಳಿಸಿದಳು. ರೂಮಿಗೆ ಹೋಗಿ ಬೀರು, ಮಂಚದ ಕೆಳಗೆ, ಎಲ್ಲ ನೋಡಿದಳು. ಏನೂ ಇಲ್ಲ. ಮಲಗಿದಳು.

ಎಚ್ಚರವಾಯಿತು. ಕತ್ತಲೆ. ಮಲಗಿದವಳು ಕೂತಿದ್ದಾಳೆ.

ಕಾಲು ಮಡಿಸಿದೆ. ಬೆನ್ನು ನೆಟ್ಟಗಿದೆ. ಎಡಗೈ ಮಡಿಲ ಮೇಲೆ, ಅಂಗೈ ಮೇಲೆ ಮಾಡಿ. ಕಾಲು ಬಿಡಿಸೋಣ ಅಂದರೆ ಆಗುವುದಿಲ್ಲ. ಬೆರಳು ಕೂಡ ಅಲ್ಲಾಡುವುದಿಲ್ಲ. ರೂಮಿನ ಕತ್ತಲೆಯಲ್ಲಿ ರೌಟರಿನ ಹಸಿರು ದೀಪ ಇರುತ್ತೆ, ಬಾಗಿಲ ಸಂದಿಯ ಗೆರೆ ಇರುತ್ತೆ. ಇಲ್ಲಿ ಅದ್ಯಾವುದೂ ಇಲ್ಲ. ಹಸಿ ಮಣ್ಣಿನ ವಾಸನೆ. ವಿಭೂತಿ ವಾಸನೆ. ಎರಡೂ ಭುಜಕ್ಕೆ ಏನೋ ತಣ್ಣಗೆ ಒತ್ತಿಕೊಂಡಿದೆ, ಉಸಿರು ಎಳೆಯುವಷ್ಟೂ ಜಾಗ ಇಲ್ಲ.

ಮತ್ತೆ... ಅವಳ ಎರಡು ಮಂಡಿಗೆ ತಾಗಿಕೊಂಡು, ಎದುರಿಗೆ ಇನ್ನೆರಡು ಮಂಡಿ.

ಬಲಗಡೆಯದರಲ್ಲಿ ಚಿಪ್ಪಿನ ಕೆಳಗೆ ಒಂದು ಗಂಟು. ಆ ಗಂಟನ್ನು ಅವಳು ಎಷ್ಟು ಸಲ ತಿಕ್ಕಿದ್ದಾಳೆ. ನೋಡಬೇಕಾಗಿಯೇ ಇಲ್ಲ.

"ಕಲಾ..."

ಕಿವಿಯ ಹತ್ತಿರವಲ್ಲ. ಮುಖದ ಎದುರಿಗೆ. ಗೇಣು ದೂರ.

"ಕಲಾ... ಮಂಡಿ ನೋಯ್ತಿದೆ."

ಟಪ್. ಹಾಲಿನ ಕ್ರೇಟು ರಸ್ತೆಗೆ ಇಳಿಸಿದ ಸದ್ದು, ಎಲ್ಲೋ ಮೇಲೆ, ತುಂಬ ಮೇಲೆ. ಬಿಟ್ಟಿತು. ಮಂಚದ ಮೇಲೆ ಕೂತಿದ್ದಳು, ಒಬ್ಬಳೇ. ಮೈಯೆಲ್ಲ ಬೆವರು.

ಒಂದು ರಾತ್ರಿಯಾದರೆ ಕನಸು ಅನ್ನಬಹುದಿತ್ತು. ಮರುದಿನವೂ ಅದೇ. ಆದರೆ ಬಿಟ್ಟದ್ದು ಹಾಲಿನವನಿಗಲ್ಲ, ಕಸದ ಆಟೋದ ಹಾಡಿಗೆ. ಅದರ ಮರುದಿನ ಸ್ಕೂಲ್ ವ್ಯಾನಿನ ಹಾರನ್ನಿಗೆ. ಅದರ ಆಚೆ ಈರುಳ್ಳಿ ಗಾಡಿಯವನ ಮೈಕು ಕೂಗುವವರೆಗೆ. ಪ್ರತಿ ದಿನ ಬಿಡುವುದು ತಡವಾಗುತ್ತಿತ್ತು. ಊರೆಲ್ಲ ತಲೆ ಮೇಲೆ ಓಡಾಡುತ್ತಿದೆ, ಗಾಡಿ ಹೋಗುತ್ತಿದೆ, ಕುಕ್ಕರ್ ಕೂಗುತ್ತಿದೆ, ಎಲ್ಲ ಮಣ್ಣಿನ ಮೂಲಕ ಗುಬ್ ಗುಬ್ ಅಂತ ಕೇಳಿಸುತ್ತೆ. ಅವಳು ಮಾತ್ರ ಕೆಳಗೆ. ಒಂದು ದಿನ ಬಿಡುವುದೇ ಇಲ್ಲ ಅಂತ ಅವಳಿಗೆ ಆಗಲೇ ಗೊತ್ತಾಯಿತು.

ತಿಂಗಳು ಮುಗಿಯುವವರೆಗೆ ಕಾಯಲಿಲ್ಲ. ಬಟ್ಟೆ ತುಂಬಿಕೊಂಡು ಕೆಂಗೇರಿಗೆ, ಸತ್ಯವತಿಯ ಮನೆಗೆ ಓಡಿದಳು. ಅವರಿಬ್ಬರೂ ಒಂದೇ ಕಡೆ ಕೆಲಸ ಕಲಿತವರು. ಮಂಚ ಬೇರೆ, ಊರು ಬೇರೆ ಅಂತ ಸಮಾಧಾನದಿಂದ ಮಲಗಿದಳು.

ಬೆಳಗ್ಗೆ ಸತ್ಯವತಿ ಗೋಡೆಗೆ ಒರಗಿ ಕೂತಿದ್ದಳು, ನಿದ್ದೆ ಮಾಡಿರಲಿಲ್ಲ.

"ರಾತ್ರಿಯೆಲ್ಲ ಕೂತಿದ್ದೆ ಕಣೇ ನೀನು. ಕಾಲು ಬಿಡಿಸೋಕೆ ನೋಡಿದೆ. ನನ್ನ ಕೈಗೆ ಬಗ್ಗದ ಕಾಲು ಇಲ್ಲ, ನಿನಗೇ ಗೊತ್ತು. ಆಗಲಿಲ್ಲ."

"ಎಬ್ಬಿಸಬೇಕಿತ್ತು."

"ಮೂಗಿನ ಹತ್ತಿರ ಕನ್ನಡಿ ಹಿಡಿದೆ."

"ಉಸಿರು ಇತ್ತಾ?"

ಸತ್ಯವತಿ ಕನ್ನಡಿಯನ್ನು ಬೋರಲು ಮಾಡಿ ಇಟ್ಟಳು. "ಹೆಣ ಕೂರಿಸಿದ ಹಾಗೇ ಕೂತಿದ್ದೆ. ನಿನ್ನ ಗಂಡನ ಜೊತೆ ಏನು ಕಳಿಸಿದೀಯ, ಅದನ್ನ ಹೇಳು" ಅಂದಳು. ಕಲಾವತಿ ಹೇಳಿದಳು. "ತೆಗೆಸು. ಇವತ್ತೇ ಹೋಗು" ಅಂದಳು ಸತ್ಯವತಿ.

ಭಾನುವಾರ. ಇವಳು ಬ್ಯಾಗು ಸಮೇತ ವಾಪಸ್ ಬಂದಾಗ ಉದಯಕುಮಾರ್ ಹಾಲ್‌ನಲ್ಲಿ ಫೋನ್ ಹಿಡಿದು ಗ್ರಾನೈಟ್‌ನವನ ಜೊತೆ ಮಾತಾಡುತ್ತಿದ್ದ. ನಾಳೆ ಬೆಳಗ್ಗೆ ಗುಂಡಿ ಮೇಲೆ ಕಾಂಕ್ರೀಟ್ ಹಾಕಿ ಕರೀ ಕಲ್ಲು ಕೂರಿಸುತ್ತಾರಂತೆ. ಅದನ್ನು ಕೇಳಿ ಅವಳು ಸೋಫಾದ ಮೇಲೆ ಕೂತು ಎಲ್ಲ ಹೇಳಿದಳು. ಬೊಂಬೆ, ಮಡಿಲು, ರಾತ್ರಿ, ಮಂಡಿ.

ಅವನ ಮುಖ ಕೆಂಪಾಯಿತು. "ಲಿಂಗದ ಪಕ್ಕದಲ್ಲಿ ಆ ಹೊಲಸು ಬೊಂಬೆ ಇಟ್ರಾ?"

"ಅವರೇ ಕೇಳಿದ್ರು."

"ಅಪ್ಪ ಏನೇನೋ ಕೇಳಿದ್ರು. ನಾವು ಎಲ್ಲವನ್ನೂ ಕೂತು ನೋಡ್ತಾ ಇರಲಿಲ್ವಾ? ಈಗ ಕೂತಿರೋ ಅಪ್ಪನ ಮೇಲೆ ಗುದ್ದಲಿ ಹಾಕಿಸ್ಬೇಕಾ? ಅಣ್ಣತಮ್ಮಂದಿರಿಗೆ ಏನಂತ ಹೇಳಲಿ?"

"ರೀ, ಆ ಸದ್ದು ನಾನೂ ಕೇಳಿದೀನಿ" ಅಂದಳು ನಿಖಿತಾ, ಅಡುಗೆಮನೆ ಬಾಗಿಲಲ್ಲಿ ನಿಂತು.

"ನೀನು ಸುಮ್ನಿರು."

"ನಾಳೆ ಕಲ್ಲು ಬಿದ್ದರೆ ನಾನು ಒಳಗೇ..." ಅಂದಳು ಕಲಾವತಿ. ಮಾತು ಅಲ್ಲಿಗೇ ನಿಂತಿತು.

ಮಟಮಟ ಮಧ್ಯಾಹ್ನ. ಕಿಟಕಿಯಲ್ಲಿ ಬಿಸಿಲು. ಟೀವಿ ಓಡುತ್ತಿದೆ. ಗಂಡ ಹೆಂಡತಿ ನೋಡುತ್ತಿದ್ದ ಹಾಗೇ ಸೋಫಾದ ಮೇಲೆ ಅವಳ ಕಾಲು ತಾನಾಗಿ ಮಡಿಯಿತು. ಬೆನ್ನು ಸೆಟೆಯಿತು. ಎಡಗೈ ಮಡಿಲಿಗೆ ಇಳಿದು ಅಂಗೈ ಬಿಚ್ಚಿತು. ಕಣ್ಣು ತೆರೆದೇ ಇತ್ತು, ಆದರೆ ಅದರೊಳಗೆ ನೋಟ ಇರಲಿಲ್ಲ. ಉದಯಕುಮಾರ್ ಹತ್ತಿರ ಬಂದು "ಏನ್ರೀ... ಏನಾಯ್ತು" ಅಂತ ಮಂಡಿ ಹಿಡಿದು ಎಳೆದ. ಕೈ ತೆಗೆದು ನೋಡಿಕೊಂಡ. ಅಂಗೈಯಲ್ಲಿ ಒದ್ದೆ ವಿಭೂತಿ.

ಕಾರಿನ ಕೀ ತೆಗೆದುಕೊಂಡ.

ಗಂಡ ಹೆಂಡತಿ ಅವಳನ್ನು ಕೂತ ಹಾಗೇ ಎತ್ತಿ ಹಿಂದಿನ ಸೀಟಿಗೆ ಸೇರಿಸಿದರು. ನಾವು ನಮ್ಮವರನ್ನು ಕೊನೆಯ ಸಲ ಎತ್ತಿಕೊಂಡು ಹೋಗ್ತೀವಲ್ಲ, ಹಾಗೆ. ಬೀದಿಯೆಲ್ಲ ಗೇಟಿಗೆ ಬಂದು ನೋಡಿತು. ನಾನೇ ನೋಡಿದೀನಿ.

ಇನ್ನು ಅವಳಿಗೆ ಏನಾಗುತ್ತಿತ್ತು ಅಂತ ಕೇಳಿ. ಇದು ಅವಳೇ ಹೇಳಿದ್ದು.

ಕಾರು ಅವಳಿಗೆ ಗೊತ್ತಿಲ್ಲ. ಬಿಸಿಲು ಗೊತ್ತಿಲ್ಲ. ಕತ್ತಲೆ, ಮಣ್ಣು, ಎದುರಿಗೆ ಮಂಡಿ. ಈ ಸಲ ಬಾಯಲ್ಲೂ ವಿಭೂತಿ ಇತ್ತು, ನಾಲಿಗೆಗೆ ಅಂಟಿಕೊಂಡು. ಹಗಲು ಅಂತ ಅವಳಿಗೆ ನೆನಪಿತ್ತು. ಹಗಲೂ ಹಿಡಿದಿದೆ ಅಂದಮೇಲೆ ಇನ್ನು ಬಿಡಲ್ಲ ಅಂತಲೂ ಗೊತ್ತಿತ್ತು.

ಕೂ... ಊ... ಮಡಿಲಿನಿಂದ. ಅವರ ಮಡಿಲೋ ತನ್ನದೋ ತಿಳಿಯದಷ್ಟು ಹತ್ತಿರದಿಂದ.

"ಕಲಾ... ಇಲ್ಲೇ ಇದೀಯಲ್ಲ."

ಎಷ್ಟು ಹೊತ್ತಾಯಿತೋ. ಆಮೇಲೆ ಮೇಲಿನಿಂದ ಒಂದು ಸದ್ದು.

ಧಬ್.

ಮತ್ತೆ ಧಬ್. ಖರ್... ಗುದ್ದಲಿ ಮಣ್ಣು ಎಳೆದ ಸದ್ದು. ತಲೆ ಮೇಲೆ ಪುಡಿ ಮಣ್ಣು ಉದುರಿತು. ಮೇಲೆ ಯಾರೋ ಮಾತಾಡುತ್ತಿದ್ದರು. ಅವರ ಜಮೀನು ನೋಡಿಕೊಳ್ಳುವ ಗೂಳಪ್ಪನ ಗೊಗ್ಗರು ದನಿ.

"ಮುಚ್ಚಿದ್ದನ್ನ ತೆಗೆಯೋ ಪದ್ಧತಿ ಇಲ್ಲ ಬುದ್ಧಿ. ನಾಳೆ ನನ್ನ ಕನಸಲ್ಲಿ ಬಂದು ಯಜಮಾನರು ಉಗೀತಾರೆ."

"ಪೂರ್ತಿ ತೆಗೀಬೇಡ. ಗೂಡಿನ ಕಡೆಯಿಂದ, ಕೈ ಹೋಗುವಷ್ಟು."

"ಕೈ ಯಾರದು ಹೋಗೋದು?"

"ನಂದೇ" ಅಂದದ್ದು ಉದಯಕುಮಾರ್.

ಧಬ್. ಖರ್. ಧಬ್. ಅವಳು ಕೂಗಬೇಕು ಅಂದುಕೊಂಡಳು. ನಾಲಿಗೆ ಏಳಲಿಲ್ಲ. ಗುದ್ದಲಿ ಹತ್ತಿರ ಬಂದಷ್ಟೂ ಹೆದರಿಕೆ, ನೆತ್ತಿಗೇ ಬಿದ್ದರೆ ಅಂತ. ಆಮೇಲೆ ಬಲಗಡೆ, ಕಿವಿಯ ಮೇಲ್ಗಡೆ, ಲಿಂಬೆಹಣ್ಣಿನಷ್ಟು ಬೆಳಕು ಬಿತ್ತು. ಅಷ್ಟು ದಿನದಲ್ಲಿ ಅಲ್ಲಿ ಬಿದ್ದ ಮೊದಲ ಬೆಳಕು. ಆ ಬೆಳಕಿಗೆ ಅವಳು ನೋಡಬಾರದ್ದನ್ನು ನೋಡಿದಳು. ಏನು ಅಂತ ನಾನೂ ಕೇಳಿದೆ. ಅದೊಂದನ್ನು ಬಿಟ್ಟು ಬೇರೆ ಏನು ಬೇಕಾದರೂ ಕೇಳಿ ಅಂದಳು.

ಆ ತೂತಿನಿಂದ ಒಂದು ಕೈ ಇಳಿಯಿತು. ಮಣಿಕಟ್ಟಿನಲ್ಲಿ ವಾಚು. ಉದಯಕುಮಾರನ ಕೈ. ಕುರುಡನ ಹಾಗೆ ತಡಕಾಡುತ್ತಿದೆ. ಅವಳ ಕೆನ್ನೆಗೆ ಗೇಣು ದೂರ.

ಬೆಳಕು ಬಿದ್ದದ್ದೇ ಅವಳ ಬಲಗೈಗೆ ಜೀವ ಬಂದಿತ್ತು. ಅವಳಿಗೆ ಏನನ್ನಿಸಿರಬೇಕು ನೀವೇ ಹೇಳಿ. ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಎಳಿ ನನ್ನ, ಮೇಲಕ್ಕೆ ಎಳಿ, ಅನ್ನಬೇಕು ಅಂತ. ಕೈ ಚಾಚಿಯೂ ಚಾಚಿದಳು. ಆಗ ಹೊಳೆಯಿತು. ಹೆಣ ಕೂತಿರುವ ಗೂಡಿನಲ್ಲಿ ಒಂದು ಕೈ ಬಂದು ತನ್ನನ್ನು ಹಿಡಿದರೆ ಅವನು ನಿಲ್ಲುತ್ತಾನಾ? ಕಿತ್ತುಕೊಂಡು ಓಡುತ್ತಾನೆ. ಗೂಳಪ್ಪ ಮಣ್ಣು ಎಳೀತಾನೆ. ನಾಳೆ ಕಲ್ಲು.

ಕೈ ಹಿಂದಕ್ಕೆ ತಗೊಂಡಳು. ಗಂಡನ ಮಡಿಲಿಗೆ ಹಾಕಿದಳು. ಬೊಂಬೆ ಮಡಿಲಲ್ಲಿ ಇರಲಿಲ್ಲ, ಅವರ ಬಲಗೈ ಮುಷ್ಟಿಯೊಳಗೆ ಇತ್ತು. ಸೆಟೆದ ಬೆರಳು ಬಿಡಿಸುವುದು ಅವಳಿಗೆ ಬರುತ್ತೆ, ಕಿರುಬೆರಳಿನಿಂದ ಶುರು ಮಾಡಬೇಕು. ಕಿರುಬೆರಳು ಬಿಟ್ಟಿತು. ಉಂಗುರದ ಬೆರಳು ಬಿಟ್ಟಿತು. ಅಲ್ಲಿಗೆ ಮಿಕ್ಕ ಬೆರಳುಗಳು ಬೊಂಬೆ ಬಿಟ್ಟು ಅವಳ ಮಣಿಕಟ್ಟು ಹಿಡಿದವು.

"ನೀವೆಲ್ಲೋ ನಾನೂ ಅಲ್ಲೇ ಅಂದಿದ್ದೆ."

ಆಗ ಅವಳ ನಾಲಿಗೆ ಎದ್ದಿತು. ವಿಭೂತಿ ನುಂಗಿಕೊಂಡು ಅಂದಳು, "ರೀ... ಅದು ಮನೆಗೆ ಅಂದಿದ್ದು ರೀ. ಇಲ್ಲಿಗಲ್ಲ."

ಹಿಡಿತ ಇನ್ನೂ ಬಿಗಿಯಾಯಿತು.

"ನಂಗಿನ್ನೂ ಉಸಿರಿದೆ. ಬಿಡಿ."

ಮೇಲಿನ ಕೈ ತಡಕಾಡಿ ತಡಕಾಡಿ ಸೋತು ವಾಪಸ್ ಏರುತ್ತಿತ್ತು. ಬೆಳಕು ಅರ್ಧ ಮುಚ್ಚಿತು. "ಏನೂ ಸಿಗ್ತಿಲ್ಲ ಗೂಳಪ್ಪ" ಅಂತ ಕೇಳಿಸಿತು.

ಮಣಿಕಟ್ಟಿನ ಮೇಲಿನ ಹಿಡಿತ ಸಡಿಲವಾಯಿತು. ಅವರು ಬಿಟ್ಟರೋ, ಅವಳು ಎಳೆದುಕೊಂಡಳೋ, ಇವತ್ತಿಗೂ ಅವಳಿಗೆ ಗೊತ್ತಿಲ್ಲ. ಬೊಂಬೆಯನ್ನು ಎತ್ತಿ ಆ ಕೈಯ ಅಂಗೈಗೆ ಇಟ್ಟಳು. ಇಟ್ಟು, ಉದಯಕುಮಾರನ ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು.

ಕಾರಿನಲ್ಲಿ ಪಕ್ಕ ಕೂತಿದ್ದ ನಿಖಿತಾಗೆ ಕೇಳಿಸಿದ್ದು ಲಟಕ್ ಅನ್ನೋ ಸದ್ದು. ಕಲಾವತಿಯ ಕಾಲು ಬಿಚ್ಚಿಕೊಂಡಿತು. ಉಸಿರು ಎಳೆದಳು, ನೀರಿನಿಂದ ಎದ್ದವರ ಹಾಗೆ. ಕೆಮ್ಮಿದಳು. ಬಾಯಿಂದ ಬಿಳೀ ಪುಡಿ. ಅಷ್ಟರಲ್ಲಿ ಉದಯಕುಮಾರ್ ಬಂದ, ಭುಜದವರೆಗೆ ಮಣ್ಣು, ಮುಷ್ಟಿ ಬಿಗಿ. ಕಾರಿನ ಬಾಗಿಲ ಹತ್ತಿರ ನಿಂತು ಅವಳನ್ನೇ ನೋಡಿದ. ಅವತ್ತು ಅವನು ಕೆಮ್ಮಲಿಲ್ಲ.

"ಸಿಗಲಿಲ್ಲ ಅಂತ ಕೈ ತೆಗೀತಿದ್ದೆ" ಅಂದ. "ಯಾರೋ ಕೈಗೆ ಕೊಟ್ಟರು, ಚಿಕ್ಕಮ್ಮಾ."

ಅವಳು ಬಾಯಿ ಒರೆಸಿಕೊಂಡಳು. ಅವಳ ಉಗುರಿನ ಸಂದಿಯಲ್ಲಿದ್ದ ಮಣ್ಣು ನೋಡಿ ಅವನು ಮುಂದೆ ಕೇಳಲಿಲ್ಲ.

ಮಾರನೇ ದಿನ ಕಲ್ಲು ಕೂತಿತು. ಬೊಂಬೆಯನ್ನು ಯಾರು ಇಟ್ಟುಕೊಳ್ಳಬೇಕು? ಮನೆಗೆ ಬೇಡ ಅಂದಳು ನಿಖಿತಾ. ಒಡೆಯೋಕೆ ಉದಯಕುಮಾರನಿಗೆ ಧೈರ್ಯ ಇಲ್ಲ. ಆ ಮೆಕ್ಸಿಕೋ ಹುಡುಗಿಯ ಫೋನು ಸತ್ತುಹೋಗಿ ಎಷ್ಟೋ ಕಾಲ ಆಗಿತ್ತು. ಇನ್ನೊಬ್ಬರ ಕೈಗೆ ಹಾಕಿ ಅವರನ್ನು ಕೂರಿಸೋದು ಬೇಡ ಅಂತ ಕಲಾವತಿಯೇ ಊದೋ ತೂತಿಗೆ ಹತ್ತಿ ತುರುಕಿ, ಸ್ಟೀಲ್ ಡಬ್ಬಿಯೊಳಗೆ ಹಾಕಿ, ಕೆಂಗೇರಿಗೆ ತೆಗೆದುಕೊಂಡು ಹೋದಳು.

ಹೋದ ತಿಂಗಳು ಕೋಡುಬಳೆ ಕಟ್ಟಿಕೊಂಡು ನಾನೇ ನೋಡಿಕೊಂಡು ಬಂದೆ. ಚೆನ್ನಾಗಿದ್ದಾಳೆ. ಸ್ವಲ್ಪ ಮೈಕೈಯೂ ತುಂಬಿಕೊಂಡಿದೆ. ಈಗ ರಾತ್ರಿ ಕೂರುವುದಿಲ್ಲ, ಎಲ್ಲರ ಹಾಗೆ ಮಲಗುತ್ತಾಳಂತೆ, ನೆಟ್ಟಗೆ, ಅಂಗಾತ. "ನಿದ್ದೆ ಬರುತ್ತಾ?" ಅಂದೆ. "ಬರುತ್ತೆ ಆಂಟಿ. ಎಡಗಡೆ ಹೊರಳೋಕೆ ಮಾತ್ರ ಜಾಗ ಸಾಲಲ್ಲ" ಅಂದಳು. ಅಷ್ಟಗಲದ ಮಂಚ, ಒಬ್ಬಳೇ ಮಲಗೋದು.

ಕಾಫಿ ಮಾಡೋಕೆ ಅವಳು ಒಳಗೆ ಹೋದಾಗ ಬಾಲ್ಕನಿಗೆ ಹೋಗಿ ನಿಂತೆ. ಸಾಲಾಗಿ ಹೂವಿನ ಕುಂಡಗಳು. ಗಿಡ ಇಲ್ಲ. ಮರಳು ತುಂಬಿದೆ. ನಮ್ಮ ಕಡೆ ಮನೆ ಕಟ್ಟೋ ಬೂದು ಎಂ-ಸ್ಯಾಂಡ್ ಅಲ್ಲ ಅದು. ಬಿಳೀದು, ಸಕ್ಕರೆ ಥರ ಬಿಳೀದು. ಮಧ್ಯೆ ಮಧ್ಯೆ ಚಿಕ್ಕ ಚಿಕ್ಕ ಚಿಪ್ಪಿನ ಚೂರು. ಬೆರಳಲ್ಲಿ ತಗೊಂಡು ನಾಲಿಗೆಗೆ ಹಚ್ಚಿದೆ, ಉಪ್ಪು.

"ಇದೇನೇ, ಇಷ್ಟು ಮರಳು ಎಲ್ಲಿಂದ ತರಿಸ್ದೆ?" ಅಂತ ಕೇಳಿದೆ.

"ತರಿಸಲಿಲ್ಲ ಆಂಟಿ" ಅಂದಳು, ಲೋಟ ಕೈಗೆ ಕೊಡುತ್ತಾ. "ದಿನಾ ಬೆಳಗ್ಗೆ ಹಾಸಿಗೆ ಕೊಡವಿದ್ದು."

ಬೇಕಾದರೆ ಹೋಗಿ ನೋಡಿ. ಕೆಂಗೇರಿ ಏನು ದೂರ, ಮೆಟ್ರೋ ಇದೆ. ನಾನು ಹೋದಾಗ ಐದನೇ ಕುಂಡ ಅರ್ಧ ತುಂಬಿತ್ತು.